ಪೆಟ್ಟು ತಿಂದವರ ಮುಖ

(ಗದಗಿನಲ್ಲಿ ಸಿನಿಮಾ ಗೆಳೆಯರ ಕೂಟದಲ್ಲಿ ‘ಕಿಲ್ ಬಿಲ್’ ಮೊದಲ ಭಾಗ ನೋಡಿದ ಮರುದಿನ ಆಡಿದ ಮಾತು. ಬರಹಕ್ಕಾಗಿ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ಶರಣು.

ನಿನ್ನೆ ಸಿನಿಮಾ ಮುಗಿದು ಲೈಟ್ ಹಾಕಿದ ಕೂಡಲೇ ಮುಂದಿನ ಸಾಲಿನಲ್ಲಿದ್ದ ಕಾಕಾ ಒಬ್ಬರು ಎರಡು ಪ್ರಶ್ನೆ ಕೇಳಿದರು. “ಅಲ್ರೀ, ಕೈ ಕಡದ್ರ ರಕ್ತ ಕಾರಂಜಿ ಹಂಗ ಚಿಮ್ತೈತೇನ್ರೀ?” ಅನ್ನುವುದು ಒಂದು. “ಇದನ್ನ ನೋಡಿ ನಮ್ಮ ಹುಡುಗ್ರು ಏನ್ ಕಲೀಬೇಕು?” ಅನ್ನುವುದು ಇನ್ನೊಂದು. ಇವತ್ತು ನಾನು ಆಡುವ ಮಾತೆಲ್ಲ ಈ ಎರಡು ಪ್ರಶ್ನೆಗಳಿಗೇ. ಎರಡನೆಯದು ಕಷ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದಕ್ಕೆ ಉತ್ತರ ಸುಲಭ. ಹಾಗೆ ಕಾರಂಜಿಯಂತೆ ಚಿಮ್ಮುವುದಿಲ್ಲ. ಅದು ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊಗೂ ಗೊತ್ತು. 2003ರ ಈ ಸಿನಿಮಾದಲ್ಲಿ ಅವರು ನಿಜದ ರಕ್ತ ತೋರಿಸಲು ಹೊರಟೇ ಇಲ್ಲ. 1970ರ ದಶಕದ ಹಾಂಗ್‌ಕಾಂಗ್ ಕುಂಗ್‌ಫು ಸಿನಿಮಾ, ಜಪಾನಿನ ಕತ್ತಿ ಸಿನಿಮಾಗಳನ್ನು ತಲೆಗೆ ಹಚ್ಚಿಕೊಂಡ ಮನುಷ್ಯ ಅವರು. 1973ರಲ್ಲಿ ಜಪಾನಿನಲ್ಲಿ ‘ಲೇಡಿ ಸ್ನೋಬ್ಲಡ್’ ಅನ್ನುವ ಸಿನಿಮಾ ಬಂತು. ತನ್ನ ಮನೆತನದ ಸೇಡು ತೀರಿಸಲೆಂದೇ ಹುಟ್ಟಿದ ಹೆಣ್ಣುಮಗಳ ಕಥೆ. ಬಿಳಿ ಹಿಮ, ಬಿಳಿ ಉಡುಪು, ಅದರ ಮೇಲೆ ಬಣ್ಣದ ಡಬ್ಬಿ ಚೆಲ್ಲಿದಂತೆ ಕೆಂಪು. ನಿನ್ನೆ ಕೊನೆಯಲ್ಲಿ ನಾಯಕಿಯ ಶತ್ರುಗಳಲ್ಲಿ ಒಬ್ಬಳಾದ ಓ-ರೆನ್ ಹಿಮದಲ್ಲಿ ಬಿದ್ದಾಗ ಒಂದು ಜಪಾನಿ ಹಾಡು ಬಂತಲ್ವಾ? ಅದು ಆ ಹಳೆಯ ಸಿನಿಮಾದ್ದೇ. ಹಾಡಿದವರು ಅದರ ನಾಯಕಿ ಮೇಕೊ ಕಾಜಿ. ಟ್ಯಾರಂಟಿನೊ ತಾನು ಎಲ್ಲಿಂದ ತಂದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ನಾಯಕಿಯ ಹಳದಿ ಉಡುಪು ಬ್ರೂಸ್ ಲೀ ತೊಟ್ಟದ್ದು. ಹೊಡೆದಾಟ ಕಟ್ಟಿಕೊಟ್ಟವರು ಹಾಂಗ್‌ಕಾಂಗಿನ ಯುಯೆನ್ ವೂ-ಪಿಂಗ್. ಕತ್ತಿ ಮಾಡುವ ಹತ್ತೋರಿ ಹಾಂಜೊ ಆಗಿ ಬರುವವರು ಜಪಾನಿನ ಹಳೆಯ ಆಕ್ಷನ್ ಹೀರೊ ಸನ್ನಿ ಚಿಬಾ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಆ ರಕ್ತ ಒಂದು ವೇಷ. ನೋಡುವವರಿಗೂ ಅದು ವೇಷ ಅಂತ ತಿಳಿದಿರಬೇಕು ಅನ್ನುವುದೇ ಅಲ್ಲಿನ ಒಪ್ಪಂದ. ಈ ಒಪ್ಪಂದ ನಮ್ಮ ಕಡೆಯವರಿಗೆ ಹೊಸದೇನಲ್ಲ.

ಗದಗ, ಹಾವೇರಿ, ಧಾರವಾಡದ ಹಳ್ಳಿಗಳಲ್ಲಿ ವೀರಭದ್ರ ದೇವರ ಜಾತ್ರೆಗೆ ಹೋದವರು ಪುರವಂತರನ್ನು ನೋಡಿಯೇ ಇರುತ್ತೀರಿ. ಮೈತುಂಬ ವಿಭೂತಿ, ಕೈಯಲ್ಲಿ ಕತ್ತಿ, ಕಾಲಲ್ಲಿ ಗೆಜ್ಜೆ. ವಾದ್ಯದ ಬಡಿತಕ್ಕೆ ಆವೇಶ ಏರುತ್ತ ಹೋಗುತ್ತದೆ. ಕತ್ತಿ ಗಾಳಿಯಲ್ಲಿ ತಿರುಗುತ್ತದೆ. ಅವರು ಹೇಳುವ ಕಥೆ ಏನು? ದಕ್ಷನ ಯಜ್ಞದ ಕಥೆ. ಅಪ್ಪ ಗಂಡನನ್ನು ಹೀಯಾಳಿಸಿದ, ಮಗಳು ಬೆಂಕಿಗೆ ಬಿದ್ದಳು, ಶಿವನ ಸಿಟ್ಟಿನಿಂದ ವೀರಭದ್ರ ಹುಟ್ಟಿದ, ದಕ್ಷನ ತಲೆ ಹಾರಿಸಿದ. ಪೂರ್ತಿ ಸೇಡಿನ ಕಥೆಯೇ. ಊರಿನ ಹೆಂಗಸರು, ಮಕ್ಕಳು, ಮುದುಕರು ಎಲ್ಲ ಸುತ್ತ ನಿಂತು ಕೇಳುತ್ತಾರೆ.

ಆದರೆ ಒಂದು ವಿಷಯ ಗಮನಿಸಿ. ಕುಣಿತ ಜೋರಾದಾಗ ಪುರವಂತ ಕೈ ಎತ್ತುತ್ತಾನೆ. ವಾದ್ಯ ತಟ್ಟನೆ ನಿಲ್ಲುತ್ತದೆ. ಈಗ ಒಡಪು, ಅಂದರೆ ದೇವರ ಕಥೆಯ ಸಾಲುಗಳನ್ನು ಗಟ್ಟಿಯಾಗಿ ಹೇಳುವುದು. ಅವನ ಉಸಿರು ಏರಿಳಿಯುವುದು ನಮಗೆ ಕಾಣುತ್ತದೆ, ಬೆವರು ವಿಭೂತಿಯ ಮೇಲೆ ಗೆರೆ ಬರೆದದ್ದು ಕಾಣುತ್ತದೆ. ಒಂದೊಂದು ಸಾಲಿಗೂ ಸುತ್ತ ನಿಂತವರು “ಆಹಾ ರುದ್ರಾ, ಆಹಾ ದೇವಾ” ಅನ್ನುತ್ತಾರೆ. ಒಡಪು ಮುಗಿದ ಮೇಲೆ ಮತ್ತೆ ಬಡಿತ. ಆ ನಿಲುಗಡೆ ತೆಗೆದುಬಿಡಿ, ಬರೀ ಗದ್ದಲ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ನಮಗೇ ಬೇಸರ ಬರುತ್ತದೆ.

ಹೊಡೆದಾಟದ ದೃಶ್ಯಗಳ ಬಗ್ಗೆ ನನಗೆ ಹೇಳಬೇಕಾದದ್ದು ಇಷ್ಟೇ. ಒಳ್ಳೆಯದಕ್ಕೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುತ್ತದೆ. ನಿಂತಾಗಲೇ ಪೆಟ್ಟು ತಿಂದವರ ಮುಖ ಕಾಣುವುದು. ಎಷ್ಟು ರಕ್ತ ಹರಿಯಿತು ಅನ್ನುವುದಕ್ಕಿಂತ ಇದು ದೊಡ್ಡ ವಿಷಯ ಅಂತ ನನ್ನ ನಂಬಿಕೆ.

ನಿನ್ನೆಯ ಮೊದಲ ಹೊಡೆದಾಟವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಕಥೆ ನಿಮಗೆ ಗೊತ್ತಿದೆ. ಮದುವೆಯ ತಯಾರಿ ನಡೆದ ಚರ್ಚಿನಲ್ಲೇ ಬಿಲ್ ಅನ್ನುವವನ ಕೊಲೆಗಾರರ ಗುಂಪು ಗರ್ಭಿಣಿ ಮದುಮಗಳ, ಅಂದರೆ ನಾಯಕಿಯ, ಮೇಲೆ ಗುಂಡು ಹಾರಿಸುತ್ತದೆ. ಅವಳು ನಾಲ್ಕು ವರ್ಷ ಕೋಮಾದಲ್ಲಿದ್ದು ಏಳುತ್ತಾಳೆ. ಐದು ಹೆಸರಿನ ಪಟ್ಟಿ ಮಾಡುತ್ತಾಳೆ. ನಾವು ಮೊದಲು ನೋಡುವುದು ಎರಡನೇ ಹೆಸರು, ವರ್ನಿಟಾ ಗ್ರೀನ್. ಚಂದದ ಒಂದು ಮನೆ, ಅಂಗಳದಲ್ಲಿ ಮಗುವಿನ ಆಟದ ಸಾಮಾನು. ಬೆಲ್ ಒತ್ತುತ್ತಾಳೆ, ಬಾಗಿಲು ತೆರೆಯುತ್ತದೆ, ಮಾತಿಲ್ಲದೆ ಮುಖಕ್ಕೇ ಗುದ್ದು.

ಇಲ್ಲಿ ಹೊಡೆದಾಡುವುದು ಮನೆಯ ಸಾಮಾನುಗಳ ಜೊತೆ. ಗಾಜಿನ ಮೇಜು ಪುಡಿಯಾಗುತ್ತದೆ. ಬಾಣಲೆ ಬರುತ್ತದೆ, ಅಡುಗೆಮನೆಯ ಚಾಕು ಬರುತ್ತದೆ. ಇಬ್ಬರೂ ಚಾಕು ಹಿಡಿದು ಎದುರುಬದುರು ನಿಂತಾಗ, ಹಿಂದಿನ ದೊಡ್ಡ ಕಿಟಕಿಯಲ್ಲಿ ಹಳದಿ ಶಾಲಾ ಬಸ್ಸು ಬಂದು ನಿಲ್ಲುತ್ತದೆ. ಪುಟ್ಟ ಹುಡುಗಿ ಇಳಿಯುತ್ತಾಳೆ. ಇಬ್ಬರೂ ಚಾಕು ಬೆನ್ನ ಹಿಂದೆ ಅಡಗಿಸುತ್ತಾರೆ. ಈವರೆಗೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದವರು ಈ ಒಂದು ವಿಷಯದಲ್ಲಿ ಒಂದೇ ಪಕ್ಷ. ಮಗು ನೋಡಬಾರದು.

ಮದುಮಗಳು ಹುಡುಗಿಯ ಹೆಸರು ಕೇಳುತ್ತಾಳೆ, ವಯಸ್ಸು ಕೇಳುತ್ತಾಳೆ. ನಿಕ್ಕಿ, ನಾಲ್ಕು ವರ್ಷ. ತನ್ನ ಮಗು ಇದ್ದಿದ್ದರೆ ಅದಕ್ಕೂ ಅಷ್ಟೇ ವಯಸ್ಸು. ಆಮೇಲೆ ಇಬ್ಬರೂ ಅಡುಗೆಮನೆಗೆ ಹೋಗಿ ಕಾಫಿ ಕುಡಿಯುತ್ತ, ಯಾವಾಗ ಎಲ್ಲಿ ಹೊಡೆದಾಡೋಣ ಅಂತ ಮಾತಾಡುತ್ತಾರೆ. ವರ್ನಿಟಾ ಮಗಳಿಗೆಂದು ಸೀರಿಯಲ್ ಅನ್ನುವ ಬೆಳಗಿನ ತಿಂಡಿಯ ಡಬ್ಬಿ ತೆಗೆಯುತ್ತಾಳೆ. ಅದರೊಳಗೆ ಪಿಸ್ತೂಲು. ಗುಂಡು ತಪ್ಪುತ್ತದೆ, ಚಾಕು ತಪ್ಪುವುದಿಲ್ಲ. ನೆಲದ ತುಂಬ ಬಣ್ಣ ಬಣ್ಣದ ಸೀರಿಯಲ್ ಚೆಲ್ಲಿರುತ್ತದೆ. ಮದುಮಗಳು ಹೆಣದ ಹತ್ತಿರ ಹೋಗುವಾಗ ಅದು ಬೂಟಿನ ಕೆಳಗೆ ಕರಕರ ಅನ್ನುತ್ತದೆ. ತಿರುಗಿ ನೋಡಿದರೆ ಬಾಗಿಲಲ್ಲಿ ನಿಕ್ಕಿ ನಿಂತಿದ್ದಾಳೆ.

ಸಂಗೀತ ಇಲ್ಲ. ಬೆಳಗಿನ ತಿಂಡಿ ತುಳಿದ ಸಪ್ಪಳ ಇದೆ ಅಷ್ಟೇ. ಮದುಮಗಳು ಚಾಕು ಒರೆಸುತ್ತ ಆ ಹುಡುಗಿಗೆ ಹೇಳುತ್ತಾಳೆ: ನೀನು ದೊಡ್ಡವಳಾದ ಮೇಲೂ ನಿನ್ನ ಮನಸ್ಸಿನ ಗಾಯ ಮಾಯದಿದ್ದರೆ ಬಾ, ನಾನು ಕಾಯುತ್ತಿರುತ್ತೇನೆ. ಸಿನಿಮಾ ಶುರುವಾಗಿ ಇನ್ನೂ ಹೆಚ್ಚು ಹೊತ್ತಾಗಿಲ್ಲ. ನಾಯಕಿಯ ಸೇಡಿನ ಲೆಕ್ಕ ಚುಕ್ತಾ ಆಗುವ ಮೊದಲೇ ಇನ್ನೊಂದು ಲೆಕ್ಕ ತೆರೆದಾಯಿತು. ಆಮೇಲೆ ಬರುವ ಓ-ರೆನ್‌ಳ ಬಾಲ್ಯದ ಭಾಗವನ್ನು ಅನಿಮೇಷನ್‌ನಲ್ಲಿ ತೋರಿಸಿದ್ದಾರೆ. ಅಲ್ಲೂ ಮಂಚದ ಕೆಳಗೆ ಒಂದು ಮಗು. ಮೇಲೆ ತಾಯಿಯನ್ನು ಕೊಲ್ಲುತ್ತಾರೆ, ಹಾಸಿಗೆಯಿಂದ ರಕ್ತ ಕೆಳಗೆ ತೊಟ್ಟಿಕ್ಕುತ್ತದೆ. ಆ ಮಗುವೇ ಬೆಳೆದು ಯಾಕುಜಾ ಅನ್ನುವ ಜಪಾನಿ ಪಾತಕಿಗಳ ಗುಂಪಿನ ಒಡತಿಯಾಗುತ್ತದೆ. ನಿಕ್ಕಿ ಮುಂದೆ ಏನಾಗಬಹುದು ಅನ್ನುವುದಕ್ಕೆ ಸಿನಿಮಾ ತಾನೇ ಒಂದು ಉತ್ತರ ಇಟ್ಟಿದೆ. ಈ ಎರಡನ್ನೂ ಜೋಡಿಸಿ ನೋಡದವರು ಇದನ್ನು ಬರೀ ರಕ್ತದ ಸಿನಿಮಾ ಅಂತ ತಳ್ಳಿಹಾಕುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಇಲ್ಲಿ ರನ್ನನನ್ನು ನೆನೆಯದೆ ಮುಂದೆ ಹೋಗಲಾರೆ. ರನ್ನ ಮುಧೋಳದವನು. ಆದರೆ ಅವನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು ಇಲ್ಲೇ, ಲಕ್ಕುಂಡಿಯಲ್ಲಿ. ಬಸ್ ಹತ್ತಿದರೆ ಅರ್ಧ ತಾಸು. ಗದಗಿನವರು ಅವನನ್ನು ನಮ್ಮವನು ಅಂದುಕೊಂಡರೆ ತಪ್ಪೇನಿಲ್ಲ.

ಅವನ ಗದಾಯುದ್ಧ ಹತ್ತನೇ ಶತಮಾನದ ಕೊನೆಯ ಹೊತ್ತಿನದು. ಕಥೆ ಶುರುವಾಗುವುದು ಯುದ್ಧ ಮುಗಿಯುತ್ತ ಬಂದಾಗ. ಹಿಂದೆ ನಡೆದದ್ದೆಲ್ಲ ಪಾತ್ರಗಳ ಮಾತಿನಲ್ಲಿ, ನೆನಪಿನಲ್ಲಿ ಬರುತ್ತದೆ. ಟ್ಯಾರಂಟಿನೊ ಎರಡನೇ ಕೊಲೆಯನ್ನು ಮೊದಲು ತೋರಿಸಿ ಆಮೇಲೆ ಹಿಂದಕ್ಕೆ ಹೋಗುವುದನ್ನು ಯಾರಾದರೂ ಹೊಸ ತಂತ್ರ ಅಂದರೆ, ನಾವು ರನ್ನನ ಹೆಸರು ಹೇಳಬಹುದು. ಇನ್ನು ಹೀರೊ ಎಂಟ್ರಿ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ಭೀಮ ದಡದಲ್ಲಿ ಗರ್ಜಿಸುತ್ತಾನೆ. ಆ ದನಿ ಕೇಳಿ ದುರ್ಯೋಧನ ನೀರೊಳಗೇ ಬೆವರುತ್ತಾನೆ. ಭೀಮನ ಒಂದು ಏಟೂ ಇನ್ನೂ ಬಿದ್ದಿಲ್ಲ. ಇವತ್ತು ನಿರ್ದೇಶಕರು ಹತ್ತು ಜೀಪು, ನೂರು ಜನ, ಹೊಗೆ, ಧೂಳು ಇಟ್ಟು ಮಾಡುವ ಕೆಲಸವನ್ನು ಅವನು ಎದುರಾಳಿಯ ಮೈಮೇಲಿನ ಬೆವರಿನಲ್ಲಿ ಮುಗಿಸಿದ.

ಅದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಅದಕ್ಕೂ ಮೊದಲು ಬರುತ್ತದೆ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದು ಹೋಗುತ್ತಾನೆ. ಹೆಣಗಳ ನಡುವೆ. ದ್ರೋಣ ಬಿದ್ದಿದ್ದಾನೆ, ತಮ್ಮ ದುಶ್ಯಾಸನ ಬಿದ್ದಿದ್ದಾನೆ, ಮಗ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ. ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಶತ್ರುಪಕ್ಷದ ಹುಡುಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಕೈಮುಗಿಯುತ್ತಾನೆ. ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ನನ್ನ ಸಾವಿಗೆ ಬರಲಿ ಅಂತ ಕೇಳುತ್ತಾನೆ. ಕಾವ್ಯದ ನಾಯಕ ಭೀಮ. ಸೇಡು ದ್ರೌಪದಿಯದ್ದು, ಅವಳ ಬಿಚ್ಚಿದ ಮುಡಿಯದ್ದು. ಆದರೂ ರನ್ನ ಇಷ್ಟೊಂದು ಪದ್ಯಗಳನ್ನು ಸೋಲುವವನಿಗೆ ಕೊಟ್ಟ. ಹಾಗೆ ಕೊಟ್ಟಿದ್ದರಿಂದಲೇ ಕೊನೆಗೆ ತೊಡೆ ಮುರಿದಾಗ ನಮಗೆ ಆ ಪೆಟ್ಟಿನ ತೂಕ ತಿಳಿಯುತ್ತದೆ.

ನಿನ್ನೆಯ ಸಿನಿಮಾದಲ್ಲಿ ದೊಡ್ಡ ಹೊಡೆದಾಟ ಅಂದರೆ ಟೋಕಿಯೋದ ‘ಹೌಸ್ ಆಫ್ ಬ್ಲೂ ಲೀವ್ಸ್’ ಅನ್ನುವ ಹೋಟೆಲಿನದು. ಓ-ರೆನ್‌ಳ ಇಡೀ ಗುಂಪಿನ ಎದುರು ಮದುಮಗಳು ಒಬ್ಬಳೇ. ಕಥೆಯಲ್ಲಿ ಟೋಕಿಯೋ, ಸೆಟ್ ಹಾಕಿದ್ದು ಬೀಜಿಂಗಿನಲ್ಲಿ. ಹಳೆಯ ಹಾಂಗ್‌ಕಾಂಗ್ ಪದ್ಧತಿಯಂತೆ ಬಣ್ಣದ ನೀರು ತುಂಬಿದ ತೆಳು ರಬ್ಬರ್ ಚೀಲಗಳನ್ನು ಮೈಗೆ ಕಟ್ಟಿ ಒಡೆಸಿದ್ದಾರೆ. ನಡುವೆ ಇದ್ದಕ್ಕಿದ್ದಂತೆ ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತದೆ, ಮದುಮಗಳು ಕಣ್ಣು ಮಿಟುಕಿಸಿದಾಗ ಬಣ್ಣ ಮರಳುತ್ತದೆ. ಅಮೆರಿಕದ ಸೆನ್ಸಾರ್‌ನಂಥ ಮಂಡಳಿಯಿಂದ ಪಾರಾಗಲು ಅದು ನೆರವಾಯಿತು. ಜಪಾನಿನಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಆ ಭಾಗ ಬಣ್ಣದಲ್ಲೇ ಇದೆ. ನನ್ನನ್ನು ಕೇಳಿದರೆ ಕಪ್ಪು-ಬಿಳುಪೇ ಚೆನ್ನ. ಕೆಂಪು ಹೋದ ಕೂಡಲೇ ಕಾಲಿನ ಚಲನೆ ಕಾಣುತ್ತದೆ. ಆಮೇಲೆ ದೀಪ ಆರಿ, ನೀಲಿ ಗೋಡೆಯ ಮುಂದೆ ಬರೀ ನೆರಳುಗಳು. ತೊಗಲುಗೊಂಬೆ ಆಟ ನೋಡಿದವರಿಗೆ ಆ ಸೊಗಸು ಬಿಡಿಸಿ ಹೇಳಬೇಕಿಲ್ಲ.

ಇಂಥದ್ದನ್ನು ಹೇಗೆ ಮಾಡುತ್ತಾರೆ ಅಂತ ಹುಡುಗರು ಕೇಳಿದ್ದರು. ಚುಟುಕಾಗಿ ಹೇಳುತ್ತೇನೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ ಓಡುತ್ತದೆ. 20 ಅಥವಾ 22ರ ವೇಗದಲ್ಲಿ ತೆಗೆದು 24ರಲ್ಲಿ ತೋರಿಸಿದರೆ ಕೈಕಾಲು ಚುರುಕಾಗುತ್ತವೆ. 48, 96ರಲ್ಲಿ ತೆಗೆದರೆ ಸ್ಲೋ ಮೋಷನ್. ಗುದ್ದು ಮುಖಕ್ಕೆ ತಾಗುವುದಿಲ್ಲ. ಕ್ಯಾಮೆರಾವನ್ನು ಸರಿಯಾದ ಕೋನದಲ್ಲಿ ಇಟ್ಟರೆ ನಡುವಿನ ಗೇಣು ಜಾಗ ಕಾಣುವುದಿಲ್ಲ. ಪೆಟ್ಟು ತಿನ್ನುವವನ ಟೈಮಿಂಗ್ ಸರಿ ಇದ್ದರೆ ಮಾತ್ರ ಅದು ಪೆಟ್ಟು. ಹೊಡೆಯುವವನಿಗಿಂತ ತಿನ್ನುವವನ ಕೆಲಸ ದೊಡ್ಡದು ಅಂತ ಯಾವ ಫೈಟ್ ಮಾಸ್ಟರ್‌ನನ್ನು ಕೇಳಿದರೂ ಹೇಳುತ್ತಾರೆ. ಸದ್ದು ಆಮೇಲೆ ಸೇರುತ್ತದೆ. ಮೂಳೆ ಮುರಿದ ಸದ್ದಿಗೆ ಸೆಲರಿ ಅನ್ನುವ ಸೊಪ್ಪಿನ ದಂಟು ಮುರಿಯುತ್ತಾರೆ. ಮರದ ಒರೆಯಿಂದ ಕತ್ತಿ ಎಳೆದರೆ ನಿಜದಲ್ಲಿ ‘ಶಿಂಗ್’ ಅನ್ನುವುದೇ ಇಲ್ಲ.

ಆ ದೊಡ್ಡ ಗದ್ದಲ ಮುಗಿದ ಮೇಲೆ ಒಂದು ಸಣ್ಣ ಸಂಗತಿ ಇದೆ. ಕೊನೆಗೆ ಉಳಿಯುವವನು ಒಬ್ಬ ಚಿಕ್ಕ ಹುಡುಗ, ಕತ್ತಿ ಹಿಡಿದ ಕೈ ನಡುಗುತ್ತಿರುತ್ತದೆ. ಮದುಮಗಳು ಅವನನ್ನು ಕಡಿಯುವುದಿಲ್ಲ. ಅವನ ಕತ್ತಿಯನ್ನು ತುಂಡು ಮಾಡಿ, ತನ್ನ ಕತ್ತಿಯ ಅಗಲ ಭಾಗದಿಂದ ಕುಂಡಿಗೆ ಬಾರಿಸಿ, ನಿಮ್ಮವ್ವನ ಹತ್ತಿರ ಹೋಗು ಅಂತ ಓಡಿಸುತ್ತಾಳೆ. ನಿನ್ನೆ ಎಲ್ಲರೂ ನಕ್ಕಿರಿ. ನಗು ಬರುವ ಹಾಗೇ ಇದೆ. ಆದರೆ ಅಷ್ಟು ಜನರನ್ನು ಕೊಂದವಳು ಅಲ್ಲಿ ಒಂದು ಮುಖ ನೋಡಿದಳು, ಆ ಮುಖಕ್ಕಿನ್ನೂ ಮೀಸೆ ಬಂದಿರಲಿಲ್ಲ.

ಆಮೇಲೆ ಹಿಮದ ತೋಟ. ಒಳಗೆ ಅಷ್ಟೊಂದು ಕಿರುಚಾಟ, ಇಲ್ಲಿ ಪೂರ್ತಿ ತಣ್ಣಗೆ. ಬಿದಿರಿನ ಕೊಳವೆಯೊಂದು ನೀರು ತುಂಬಿ ಬಾಗಿ ಕಲ್ಲಿಗೆ ‘ಟಕ್’ ಅಂತ ಬಡಿಯುತ್ತದೆ. ಆ ಟಕ್ ಟಕ್ ಲೆಕ್ಕದಲ್ಲೇ ಇಬ್ಬರೂ ಹೆಜ್ಜೆ ಇಡುತ್ತಾರೆ. ಓ-ರೆನ್ ಮೊದಲು ಅವಳನ್ನು ಹೀಯಾಳಿಸಿದ್ದಳು. ಗಾಯವಾದ ಮೇಲೆ ಅದಕ್ಕೆ ಕ್ಷಮೆ ಕೇಳುತ್ತಾಳೆ. ಮದುಮಗಳು ಒಪ್ಪಿಕೊಳ್ಳುತ್ತಾಳೆ. ಆಮೇಲೆ ಮುಂದಿನ ಏಟು. ದುರ್ಯೋಧನ ಅಭಿಮನ್ಯುವಿಗೆ ಕೈಮುಗಿದದ್ದು ನನಗೆ ನೆನಪಾದದ್ದು ಇಲ್ಲೇ.

ಅದೇ 2003ರಲ್ಲಿ ಕೊರಿಯಾದಲ್ಲಿ ಪಾರ್ಕ್ ಚಾನ್-ವುಕ್ ‘ಓಲ್ಡ್‌ಬಾಯ್’ ಮಾಡಿದರು. ಅದೂ ಸೇಡಿನ ಕಥೆಯೇ. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಎರಡನೇ ದೊಡ್ಡ ಪ್ರಶಸ್ತಿ ಪಡೆಯಿತು. ಆ ಸಲ ತೀರ್ಪುಗಾರರ ಅಧ್ಯಕ್ಷರು ಟ್ಯಾರಂಟಿನೊ. ಅದರ ಕಾರಿಡಾರ್ ಹೊಡೆದಾಟ ನೋಡದವರು ದಯವಿಟ್ಟು ನೋಡಿ. ಕೈಯಲ್ಲಿ ಸುತ್ತಿಗೆ ಹಿಡಿದ ಒಬ್ಬ, ಎದುರಿಗೆ ಒಂದು ಗುಂಪು. ಕ್ಯಾಮೆರಾ ಪಕ್ಕದಿಂದ ನೋಡುತ್ತ ಸರಿಯುತ್ತದೆ. ಎಲ್ಲೂ ಕಟ್ ಇಲ್ಲ. ಮೂರು ದಿನ, 17 ಟೇಕ್ ತೆಗೆದುಕೊಂಡರಂತೆ. ಅದರಲ್ಲಿ ಎಲ್ಲರೂ ಸುಸ್ತಾಗುತ್ತಾರೆ. ನಾಯಕ ಬಿದ್ದು ಏಳಲಾರದೆ ಏಳುತ್ತಾನೆ, ಬೆನ್ನಲ್ಲಿ ಚಾಕು. ಎದುರಾಳಿಗಳು ಹೊಟ್ಟೆ ಹಿಡಿದು ಏದುಸಿರು ಬಿಡುತ್ತ, ಮುಂದೆ ಹೋಗಬೇಕೋ ಬೇಡವೋ ಅಂತ ನಿಂತುಬಿಡುತ್ತಾರೆ. ಗರಡಿ ಮನೆಯಲ್ಲಿ ಮಣ್ಣು ಮುಟ್ಟಿದವರಿಗೆ ಗೊತ್ತು, ನಿಜವಾದ ಕುಸ್ತಿಯಲ್ಲಿ ಎರಡೇ ನಿಮಿಷಕ್ಕೆ ಉಸಿರು ಕಿತ್ತು ಬರುತ್ತದೆ. ಕಟ್ ಇಲ್ಲದ ಆ ದೃಶ್ಯದಲ್ಲಿ ನಿಲುಗಡೆ ಕೊಡುವುದು ಆ ಸುಸ್ತೇ.

ಈಗ ನಮ್ಮ ಸಿನಿಮಾಗಳಿಗೆ ಬರೋಣ. ‘ಕೆಜಿಎಫ್’ನ ಎರಡೂ ಭಾಗಗಳಿಗೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಫೈಟು ದೇಶವೇ ತಿರುಗಿ ನೋಡುವ ಹಾಗಾದದ್ದು ನನಗೆ ನಿಜಕ್ಕೂ ಹೆಮ್ಮೆ. ಆದರೆ ಆಮೇಲೆ ಎಲ್ಲ ಭಾಷೆಗಳಲ್ಲೂ ಬಂದ ನಕಲುಗಳನ್ನು ನೋಡಿದರೆ ಬೇಸರವಾಗುತ್ತದೆ. ನೂರು ಜನ ಓಡಿ ಬರುತ್ತಾರೆ. ಒಬ್ಬರಿಗೂ ಮುಖ ಇಲ್ಲ. ಹೀರೊ ದಣಿಯುವುದಿಲ್ಲ, ಅವನ ಉಸಿರು ಕೇಳಿಸುವುದಿಲ್ಲ, ಕೇಳಿಸಲು ಹಿನ್ನೆಲೆ ಸಂಗೀತ ಬಿಡುವುದಿಲ್ಲ. ಸ್ಲೋ ಮೋಷನ್ ಎಲ್ಲ ಕಡೆ ಇದ್ದರೆ ಅದು ಎಲ್ಲೂ ಇಲ್ಲದ ಹಾಗೆ. ಅಷ್ಟು ದುಡ್ಡು, ಅಷ್ಟು ಜನರ ಬೆವರು ಹಾಕಿ ತೆಗೆದ ದೃಶ್ಯ ಮರುದಿನ ನೆನಪಿನಲ್ಲಿ ಉಳಿಯುವುದಿಲ್ಲ. ಆ ಕೆಲಸಗಾರರಿಗೆ ಮಾಡುವ ಅನ್ಯಾಯ ಅದು.

ಯಾಕೆಂದರೆ ತೆರೆಯ ಮೇಲೆ ಬೀಳುವವರು ನಿಜವಾಗಿಯೇ ಬೀಳುತ್ತಾರೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಅವರಿಗೆ ಲೈಫ್ ಜಾಕೆಟ್ ಇರಲಿಲ್ಲ. ‘ಕಿಲ್ ಬಿಲ್’ ಎರಡನೇ ಭಾಗದ ಚಿತ್ರೀಕರಣದಲ್ಲಿ ನಾಯಕಿ ಉಮಾ ಥರ್ಮನ್ ಓಡಿಸುತ್ತಿದ್ದ ಕಾರು ಮರಕ್ಕೆ ಗುದ್ದಿತು. ಕುತ್ತಿಗೆ, ಮೊಣಕಾಲಿಗೆ ಆದ ಪೆಟ್ಟಿನ ನೋವು ಇನ್ನೂ ಇದೆ ಅಂತ 2018ರಲ್ಲಿ ಅವರು ಬಹಿರಂಗವಾಗಿ ಹೇಳಿದರು. ನಮ್ಮ ದೇಶದಲ್ಲಿ ಸಾಹಸ ನಿರ್ದೇಶನಕ್ಕೆ ಮೊದಲ ರಾಷ್ಟ್ರಪ್ರಶಸ್ತಿ ಕೊಟ್ಟದ್ದು 2017ರಲ್ಲಿ. ಆಸ್ಕರ್‌ನವರು 2028ರ ಸಮಾರಂಭದಿಂದ ಸ್ಟಂಟ್ ವಿಭಾಗಕ್ಕೆ ಪ್ರಶಸ್ತಿ ಕೊಡುತ್ತಾರಂತೆ. ಅವರದು 100ನೇ ಸಮಾರಂಭ. ಇಷ್ಟು ವರ್ಷ ಬೇಕಾಯಿತು. ಟೈಟಲ್ ಕಾರ್ಡಿನಲ್ಲಿ ಫೈಟರ್‌ಗಳ ಹೆಸರು ಬರುವಾಗ ಎದ್ದು ಹೋಗಬೇಡಿ ಅಂತ ಈ ಕೂಟದಲ್ಲಿ ಪ್ರತಿ ಸಲ ಹೇಳುತ್ತೇನೆ, ಇವತ್ತೂ ಹೇಳುತ್ತಿದ್ದೇನೆ.

ಇನ್ನು ಎರಡನೇ ಪ್ರಶ್ನೆ, ಹುಡುಗರು ಏನು ಕಲಿಯಬೇಕು. ಇದು ‘ಎ’ ಸರ್ಟಿಫಿಕೇಟಿನ ಸಿನಿಮಾ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ, ಅದರಲ್ಲಿ ನನಗೆ ಎರಡು ಮಾತಿಲ್ಲ. ಮಚ್ಚು ಹಿಡಿದು ರೀಲ್ಸ್ ಮಾಡುವ ಹುಡುಗರನ್ನು ನಾನೂ ನೋಡಿದ್ದೇನೆ. ಮನಸ್ಸಿಗೆ ಕಷ್ಟವಾಗುತ್ತದೆ. ಆ ಹದಿನೈದು ಸೆಕೆಂಡಿನಲ್ಲಿ ಹೊಡೆಯುವವನ ನಡಿಗೆ ಇರುತ್ತದೆ, ಅವನ ಕೂದಲು, ಅವನ ಕನ್ನಡಕ ಇರುತ್ತದೆ. ಪೆಟ್ಟು ತಿಂದವನು ಇರುವುದಿಲ್ಲ. ಅವನ ಮನೆ ಇರುವುದಿಲ್ಲ, ಬಾಗಿಲಲ್ಲಿ ನಿಂತ ಅವನ ಮಗಳು ಇರುವುದಿಲ್ಲ. ಸಿನಿಮಾದಿಂದ ಅಷ್ಟನ್ನೇ ಕತ್ತರಿಸಿ ತೆಗೆದುಕೊಂಡಿದ್ದಾರೆ. ಅದಕ್ಕೇ ಸುಮ್ನೆ ಬೇಡ ಅನ್ನುವುದಕ್ಕಿಂತ, ದೊಡ್ಡ ಹುಡುಗರ ಜೊತೆ ಕೂತು ಇಡೀ ಸಿನಿಮಾ ನೋಡುವುದು, ನೋಡಿ ಹೀಗೆ ಮಾತಾಡುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಮನೆಯಲ್ಲೂ ಕೇಳಬಹುದು. ಆ ಫೈಟಿನಲ್ಲಿ ಬಿದ್ದವನು ಯಾರು, ಅವನಿಗೆ ಹೆಸರಿತ್ತಾ, ಆಮೇಲೆ ಅವನೇನಾದ? ಕೇಳಿ ನೋಡಿ. ಹುಡುಗರು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನೋಡಿರುತ್ತಾರೆ.

ಮುಂದಿನ ತಿಂಗಳು ಎರಡನೇ ಭಾಗ ಹಾಕುತ್ತೇವೆ. ನಿನ್ನೆಯಷ್ಟು ರಕ್ತ ಅದರಲ್ಲಿಲ್ಲ. ಒಂದು ಹೊಡೆದಾಟ ಇಕ್ಕಟ್ಟಿನ ಟ್ರೇಲರ್ ಮನೆಯೊಳಗೆ ನಡೆಯುತ್ತದೆ, ಉದ್ದ ಕತ್ತಿ ಎಳೆಯಲು ಜಾಗವೇ ಇರುವುದಿಲ್ಲ. ಬಿಲ್ ಜೊತೆಗಿನ ಕೊನೆಯ ಹೊಡೆದಾಟ ಇಬ್ಬರೂ ಕುರ್ಚಿಯಲ್ಲಿ ಕೂತೇ, ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ಮೊದಲ ಭಾಗದ ಕೊನೆಯ ಮಾತಿನಲ್ಲಿ ಮಗು ಬದುಕಿದೆ ಅಂತ ನಮಗೆ ಗೊತ್ತಾಯಿತು, ತಾಯಿಗೆ ಇನ್ನೂ ಗೊತ್ತಿಲ್ಲ. ಅದನ್ನು ತಲೆಯಲ್ಲಿಟ್ಟುಕೊಂಡು ಬನ್ನಿ.

ನಿಕ್ಕಿಯ ಕಥೆ ಮಾತ್ರ ಎರಡನೇ ಭಾಗದಲ್ಲೂ ಇಲ್ಲ. ನಿಮ್ಮಲ್ಲಿ ಬರೆಯುವ ಹುಡುಗ ಹುಡುಗಿಯರಿದ್ದೀರಿ. ಅವಳು ದೊಡ್ಡವಳಾಗಿ ಬಂದು ಬೆಲ್ ಒತ್ತಿದರೆ ಏನಾಗಬೇಕು ಅಂತ ಒಂದೆರಡು ಪುಟ ಬರೆದು ತನ್ನಿ. ಸಿನಿಮಾ ಹಾಕುವ ಮೊದಲು ಇಲ್ಲೇ ಓದಿಸೋಣ. ಈಗ ಪ್ರಶ್ನೆಗಳಿದ್ದರೆ ಕೇಳಿ.